ಪೆನ್ಸಿಲ್ಲಿನಲ್ಲಿ ಬರೆದ ಪಟ್ಟಿ

ಸಾತಗಳ್ಳಿ ಡಿಪೋ ಗೇಟಿನಲ್ಲಿ ಬೆಳಗಿನ ಜಾವ ನಾಲ್ಕೂವರೆ.
ಎದೆಗವುಚಿದ ಫೈಲಿನಲ್ಲಿ ನಲವತ್ತು ಪ್ರಶ್ನಾವಳಿ,
ಪ್ರತಿ ಪ್ರಶ್ನೆಯ ಮುಂದೆ ಐದು ಪುಟ್ಟ ಚೌಕ:
ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ,
ಒಪ್ಪುವುದಿಲ್ಲ, ಸುತರಾಂ ಒಪ್ಪುವುದಿಲ್ಲ.
ಎಂಬಿಎ ಎರಡನೇ ಸೆಮಿಸ್ಟರು.
ವಿಷಯ: ಸಂಸ್ಥೆಯಲ್ಲಿ ಮನುಷ್ಯರ ನಡವಳಿಕೆ.
ತಂಡದ ನಾಯಕಿ: ನಾನು.
ಯಾರೂ ಆರಿಸಿದ್ದಲ್ಲ,
ಯಾರೂ ಬೇಡ ಅನ್ನಲಿಲ್ಲ, ಅಷ್ಟೆ.

ತಂಡದಲ್ಲಿ ಐವರು. ಬಂದವಳು ಒಬ್ಬಳು.
ಡೆನ್ಜಿಲನಿಗೆ ನಿದ್ದೆ, ಇಂಚರಳಿಗೆ ನೆಗಡಿ,
ಮುಬೀನಾಳ ಫೋನು ಸ್ವಿಚ್ಚಾಫ್.
ಮಾದೇಶ ಮಾತ್ರ ರಾತ್ರಿಯೇ ಕೇಳಿದ್ದ, ‘ಬರ್ಲಾ?’
‘ಬೇಡ, ನಾನೇ ಮುಗಿಸ್ತೀನಿ.’
ಮುಗಿಸುವುದರಲ್ಲಿ ನಾನು ಜಾಣೆ.
ಅವನು ಮಾಡಿದ ಎರಡು ಸ್ಲೈಡುಗಳನ್ನೂ ಹೀಗೇ
ಕಾಗುಣಿತ ಸರಿಯಿಲ್ಲವೆಂದು
ಹೋದ ವಾರ, ರಾತ್ರಿ ಹನ್ನೊಂದಕ್ಕೆ,
ಸದ್ದಿಲ್ಲದೆ ಅಳಿಸಿ ಚೆಂದ ಮಾಡಿದ್ದೆ.

ಕಂಟ್ರೋಲರ್ ಜವರಪ್ಪನವರ ಕಿಟಕಿಗೆ ಸರಳುಂಟು, ಗಾಜಿಲ್ಲ.
ಮೇಜಿನ ಮೇಲೆ ಉದ್ದನೆಯ ಹಾಳೆ:
ಬಸ್ಸು, ರೂಟು, ಡ್ರೈವರು, ಕಂಡಕ್ಟರು.
ಎಲ್ಲವೂ ಪೆನ್ಸಿಲ್ಲಿನಲ್ಲಿ.
ಕಿವಿಗೆ ಸಿಕ್ಕಿಸಿದ ಆ ಮೋಟು
ಸೇದಿ ಉಳಿಸಿದ ಬೀಡಿಯಷ್ಟೇ ಉದ್ದ.

‘ಪೆನ್ನಿಲ್ವಾ ಸಾರ್?’
‘ಐತೆ ಕಣವ್ವ. ಪೆನ್ನು ಆರು ಗಂಟೆ ಮ್ಯಾಲೆ,
ಆಫೀಸಿಗೆ ಕಳ್ಸಕ್ಕೆ.
ಅಲ್ಲೀಗಂಟ ಯಾರ್ ಮನೇಲಿ ಏನಾಗಿರ್ತದೋ.’

ಇಲವಾಲ ರೂಟಿನ ಯಶೋದಮ್ಮ ಬಂದರು.
ಕಿಟಕಿಯ ಮುಂದೆ ಏನೂ ಹೇಳಲಿಲ್ಲ,
ಟಿಕೆಟ್ಟಿನ ಚೀಲವನ್ನು
ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು.
ಜವರಪ್ಪ ರಬ್ಬರು ತೆಗೆದು
ಇಲವಾಲ ಅಳಿಸಿ, ಬೋಗಾದಿ ಬರೆದರು.
ಅವಳು ಹೋದಳು.
ಮುಂದೆ ಓದಿದೆ ನನ್ನ ಪ್ರಶ್ನೆ ಏಳು:
‘ಮೇಲಧಿಕಾರಿ ನನ್ನ ಮಾತು ಕೇಳಿಸಿಕೊಳ್ಳುತ್ತಾರೆ.’
ಇಲ್ಲಿ ಮಾತೆಲ್ಲಿತ್ತು?

ಆಮೇಲೆ ನಸ್ರುಲ್ಲಾ.
ನಿನ್ನೆ ಸಂಜೆ ಹೈವೇ ಸರ್ಕಲ್ಲಿನಲ್ಲಿ
ಸ್ಕೂಟರೊಂದಕ್ಕೆ ತಗುಲಿಸಿದವರು.
ಯಾರಿಗೂ ಏಟಿಲ್ಲ, ಕನ್ನಡಿ ಒಡೆದಿತ್ತು.
‘ಇವತ್ತು ಗಾಡಿ ಬೇಡ ಸಾರ್.’
‘ನಾಳೆ ಬೇಕಾದ್ರೆ ರಜ ತಕೊ.
ಇವತ್ತು ಮೊದಲ್ನೇ ಟ್ರಿಪ್ಪು ಪಕ್ಕದಲ್ಲಿ ನಾನೂ ಕುಂತ್ಕತೀನಿ.
ಬೆಟ್ಟ ನೋಡಿ ಬೋ ದಿನ ಆಯ್ತು.’
ಇದು ಸರಿಯೋ ತಪ್ಪೋ
ನನಗೆ ಇವತ್ತಿಗೂ ತಿಳಿಯದು.
ಪುಸ್ತಕದಲ್ಲಿ ಇದಕ್ಕೊಂದು ಹೆಸರಿರಬಹುದು,
ನಾನು ಆ ಪುಟಕ್ಕೆ ಇನ್ನೂ ಬಂದಿಲ್ಲ.
ನಸ್ರುಲ್ಲಾ ಬಹಳ ಹೊತ್ತು ಟೈರು ನೋಡಿ
ಕೀಲಿಗೆ ಕೈ ಚಾಚಿದ್ದು ಮಾತ್ರ ಕಂಡೆ.

ಹೊರಡುವ ಮುಂಚೆ ಜವರಪ್ಪ
ಟೀ ತಂದ ಹೊಸ ಹುಡುಗನ ಕೈಗೆ
ಪೆನ್ಸಿಲ್ಲು ಕೊಟ್ಟರು. ‘ಬರಿ.’
ಹುಡುಗ ನಾಲಿಗೆ ಕಚ್ಚಿಕೊಂಡು ಬರೆದ:
ಸಿರಂಗಪಟ್ಣ.
ಜವರಪ್ಪ ನೋಡಿದರು.
ರಬ್ಬರು ಅಲ್ಲೇ ಮೇಜಿನ ಮೇಲಿತ್ತು.
ಅಲ್ಲೇ ಇತ್ತು.
ಬೆಟ್ಟದ ಬಸ್ಸು ಎರಡು ಸಲ ಕೆಮ್ಮಿ ಹೊರಟಿತು.
ಹತ್ತು ನಿಮಿಷಕ್ಕೆ ಇನ್ನೊಂದು ಬಸ್ಸು,
ತಪ್ಪು ಕಾಗುಣಿತದ್ದು,
ದಾರಿ ತಪ್ಪದೆ ಶ್ರೀರಂಗಪಟ್ಟಣಕ್ಕೇ ಹೋಯಿತು.

ಮೆಟ್ಟಿಲ ಮೇಲೆ ಕೂತು ಫೋನು ಮಾಡಿದೆ.
‘ಎದ್ದಿದ್ದೀಯಾ ಮಾದೇಶ?’
‘ಎದ್ದೇ ಇದ್ದೆ.’
‘ಮೂವತ್ತೊಂಬತ್ತು ಖಾಲಿ ಉಳಿದಿವೆ, ಬಾ.’
‘ಏನಾದ್ರೂ ತರ್ಬೇಕಾ?’
‘ನಿನ್ನ ಸ್ಲೈಡು. ಆ ಎರಡು. ಇಟ್ಕೊಂಡಿದ್ದೀಯಲ್ಲ?’

ಆ ಕಡೆ ಯಾವುದೋ ನಲ್ಲಿ ತೊಟ್ಟಿಕ್ಕುವ ಸದ್ದು.
ಗೊತ್ತಿತ್ತು ಅವನಿಗೆ,
ಒಂದು ವಾರದಿಂದ ಗೊತ್ತಿತ್ತು,
ಕ್ಲಾಸಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ.

‘ಯಾವ ಬಸ್ಸಿಗೆ ಬರ್ಲಿ?’ ಎಂದ, ಕೊನೆಗೆ.
ಕಿಟಕಿಯಲ್ಲಿ ಹುಡುಗ ಏನೋ ಅಳಿಸುತ್ತಿದ್ದ.
‘ಸ್ವಲ್ಪ ತಡಿಯೋ,’ ಎಂದೆ,
‘ಇನ್ನೂ ಪೆನ್ನಲ್ಲಿ ಬರೆದಿಲ್ಲ.’